ತಿಂಗಳ ಕೊನೆಯ ಪುಟ

(ಸಣ್ಣ ಉದ್ಯಮಿಗಳ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಮರುಕಳಿಸಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನು ಉಳಿಸಿಕೊಂಡಿದ್ದೇನೆ.)

ಗೆಳೆಯರೆ,

ಪ್ರತಿ ತಿಂಗಳ ಕೊನೆಯ ದಿನ ಸಂಜೆ, ಎಲ್ಲರೂ ಮನೆಗೆ ಹೋದ ಮೇಲೆ, ನಾನು ಒಂದು ಗಂಟೆ ಕಚೇರಿಯಲ್ಲಿ ಒಬ್ಬನೇ ಕೂರುತ್ತೇನೆ. ಮೊಬೈಲ್ ಡ್ರಾಯರ್‌ನೊಳಗೆ ಹೋಗುತ್ತದೆ. ಎದುರಿಗೆ ಒಂದು ನೋಟ್‌ಬುಕ್. ಒಂದು ತಿಂಗಳಿಗೆ ಒಂದೇ ಪುಟ. ಅದಕ್ಕಿಂತ ಹೆಚ್ಚು ಬರೆಯಬಾರದು ಎಂಬುದು ನನಗೆ ನಾನೇ ಹಾಕಿಕೊಂಡ ಕಟ್ಟು. ಒಂಬತ್ತು ವರ್ಷಗಳಿಂದ ಇದು ನಡೆದುಕೊಂಡು ಬಂದಿದೆ. ಈ ದಿನದ ಮಾತಿಗೆ ಸಿದ್ಧವಾಗಲು ಆ ನೂರಕ್ಕೂ ಹೆಚ್ಚು ಪುಟಗಳನ್ನು ಮೊದಲ ಸಲ ಒಟ್ಟಿಗೆ ಓದಿದೆ. ಓದುತ್ತಾ ಹೋದಂತೆ ಕಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ನನ್ನದು ಸರಕು ಸಾಗಿಸಲು ಬಳಸುವ ರಟ್ಟಿನ ಪೆಟ್ಟಿಗೆಗಳನ್ನು ತಯಾರಿಸುವ ಸಣ್ಣ ಘಟಕ. ಮೊದಲ ಎರಡು ವರ್ಷಗಳ ಪುಟಗಳಲ್ಲಿ ಇರುವುದು ಬರೀ ಲೆಕ್ಕ. ಎಷ್ಟು ಆರ್ಡರ್ ಬಂತು, ಎಷ್ಟು ಬಾಕಿ ವಸೂಲಾಯಿತು, ಯಾವ ಯಂತ್ರ ಎಷ್ಟು ದಿನ ಕೆಟ್ಟು ನಿಂತಿತು. ಇದೆಲ್ಲ ಲೆಕ್ಕಪತ್ರದಲ್ಲಿಯೂ ಇದ್ದದ್ದೇ. ಅದನ್ನೇ ಇನ್ನೊಮ್ಮೆ ಚೆಂದದ ಅಕ್ಷರದಲ್ಲಿ ಬರೆದಿಟ್ಟು, ಆತ್ಮಾವಲೋಕನ ಮಾಡಿಕೊಂಡೆ ಎಂದು ನಂಬಿದ್ದೆ.

ಮೂರನೆಯ ವರ್ಷದ ಒಂದು ಪುಟದಲ್ಲಿ ಕೈಬರಹವೇ ಬೇರೆಯಾಗಿದೆ. ಅವಸರದಲ್ಲಿ, ಅಕ್ಷರ ಒತ್ತಿ ಬರೆದಂತಿದೆ. ಆ ಸಂಜೆ ಡ್ರಾಯರ್ ತುಂಬಿ ಮುಚ್ಚಲಾಗದೆ, ಅದರಲ್ಲಿದ್ದ ವಿಸಿಟಿಂಗ್ ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಸುರಿದೆ. 61 ಕಾರ್ಡುಗಳು. ಆ ವರ್ಷ ನಾನು ಹೋದ ಸಭೆ, ಮೇಳ, ವಿಚಾರ ಸಂಕಿರಣಗಳ ಫಸಲು. ಒಂದೊಂದನ್ನೇ ತೆಗೆದುಕೊಂಡು ಈ ವ್ಯಕ್ತಿಯ ಮುಖ ನೆನಪಿದೆಯೇ ಎಂದು ಕೇಳಿಕೊಂಡೆ. 22 ಜನರ ಮುಖ ನೆನಪಾಯಿತು. ಅವರಿಗೆ ನಾನು ಏನು ಹೇಳಿದ್ದೆ ಎಂದು ಯೋಚಿಸಿದೆ. ಒಬ್ಬರಿಗೆ ಅಂಟು ಪೂರೈಸುವವರ ವಿಳಾಸ ಕಳಿಸುತ್ತೇನೆ ಎಂದಿದ್ದೆ. ಇನ್ನೊಬ್ಬರ ಮಗಳಿಗೆ ತರಬೇತಿಯ ಅವಕಾಶ ವಿಚಾರಿಸುತ್ತೇನೆ ಎಂದಿದ್ದೆ. ಮತ್ತೊಬ್ಬರ ಮಾದರಿ ಪೆಟ್ಟಿಗೆಯನ್ನು ನಮ್ಮಲ್ಲಿ ಪರೀಕ್ಷಿಸಿ ಕೊಡುತ್ತೇನೆ ಎಂದಿದ್ದೆ. ಹೀಗೆ 17 ಜನರಿಗೆ ಏನೋ ಒಂದು ಮಾತು ಕೊಟ್ಟಿದ್ದೆ. ಉಳಿಸಿಕೊಂಡದ್ದು ಮೂವರಿಗೆ ಮಾತ್ರ.

ಆ ಮೂವರಲ್ಲಿ ಇಬ್ಬರು ಇಂದಿಗೂ ನನ್ನ ಒಡನಾಟದಲ್ಲಿದ್ದಾರೆ. ಉಳಿದ 14 ಜನರಲ್ಲಿ ಒಬ್ಬರೂ ಇಲ್ಲ. ಅವರಾರೂ ನನ್ನೊಡನೆ ಜಗಳವಾಡಲಿಲ್ಲ, ದೂರಲಿಲ್ಲ. ಮಾತು ಕೊಟ್ಟು ಮರೆತವನ ಬಗ್ಗೆ ಜನ ಸಾಮಾನ್ಯವಾಗಿ ಏನನ್ನೂ ಹೇಳುವುದಿಲ್ಲ. ಮುಂದಿನ ಸಲ ಕರೆಯುವುದಿಲ್ಲ, ಅಷ್ಟೆ.

ಅಂದಿನಿಂದ ನನ್ನ ಪುಟದ ತಲೆಯಲ್ಲಿ ಇರುವುದು ಆ ತಿಂಗಳು ನಾನು ಯಾರಿಗೆ ಏನು ಮಾಡುತ್ತೇನೆ ಎಂದೆ, ಮಾಡಿದೆನೋ ಇಲ್ಲವೋ ಎಂಬ ಪಟ್ಟಿ. ವ್ಯಾಪಾರದ ಲೆಕ್ಕ ಅದರ ಕೆಳಗೆ ಬರುತ್ತದೆ. ಇಂದು ನಾನು ಹೇಳಬೇಕೆಂದಿರುವ ಸಂಗತಿಯೂ ಇಷ್ಟೇ: ನೆಟ್‌ವರ್ಕಿಂಗ್, ಸಮುದಾಯ, ಗುರಿ ಎಂದು ನಾವು ಬೇರೆ ಬೇರೆ ಹೆಸರಿಟ್ಟು ಕರೆಯುವ ಮೂರೂ ಈ ಪಟ್ಟಿಯಲ್ಲಿ ಬಂದು ಸೇರುತ್ತವೆ. ಹೇಗೆ ಎಂದು ವಿವರಿಸುತ್ತೇನೆ.

ಮೊದಲು ಪರಿಚಯದ ವಿಷಯ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬಾಸ್ಟನ್ ಪಕ್ಕದ ನ್ಯೂಟನ್ ಎಂಬ ಊರಿನಲ್ಲಿ ಇತ್ತೀಚೆಗೆ ಕೆಲಸ ಬದಲಾಯಿಸಿದವರನ್ನು ಅವರು ಮಾತನಾಡಿಸಿದ್ದರು. ಪರಿಚಯದವರ ಮೂಲಕ ಕೆಲಸದ ಸುಳಿವು ಸಿಕ್ಕವರಿಗೆ, ಆ ಸುಳಿವು ಕೊಟ್ಟವರನ್ನು ನೀವು ಆ ದಿನಗಳಲ್ಲಿ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಕೇಳಿದರು. ವಾರಕ್ಕೆ ಎರಡು ಸಲವಾದರೂ ಭೇಟಿಯಾಗುತ್ತಿದ್ದವರ ಮೂಲಕ ಕೆಲಸ ಪಡೆದವರು ಶೇ. 16.7 ಮಾತ್ರ. ಶೇ. 55.6 ಜನರಿಗೆ ಸುಳಿವು ಸಿಕ್ಕದ್ದು ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದವರಿಂದ. ಇನ್ನು ಶೇ. 27.8 ಜನರಿಗೆ, ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತಲೂ ಅಪರೂಪಕ್ಕೆ ಕಂಡವರಿಂದ. ಸ್ನೇಹಿತರೊಬ್ಬರು ಹೇಳಿದರೇ ಎಂದು ಕೇಳಿದಾಗ ಜನ ಮತ್ತೆ ಮತ್ತೆ ತಿದ್ದುತ್ತಿದ್ದರಂತೆ: ಸ್ನೇಹಿತರಲ್ಲ, ಬರೀ ಪರಿಚಯ. ಸಮೀಕ್ಷೆ ಸಣ್ಣದು, ಆದರೆ ಅದು ಎತ್ತಿದ ಪ್ರಶ್ನೆ ದೊಡ್ಡದು.

ಕಾರಣ ಯೋಚಿಸಿದರೆ ಸರಳ. ನಮ್ಮ ಆಪ್ತರು ನಾವು ಓಡಾಡುವ ಕಡೆಯೇ ಓಡಾಡುತ್ತಾರೆ. ನಮಗೆ ಗೊತ್ತಿರುವುದೇ ಅವರಿಗೂ ಗೊತ್ತು. ಹೊಸ ಸುದ್ದಿ ಬರಬೇಕಾದರೆ ಅದು ಇನ್ನೊಂದು ಬಳಗದಿಂದ ಬರಬೇಕು. ಆ ಬಳಗಕ್ಕೂ ನಮಗೂ ನಡುವಿನ ಸೇತುವೆ ಸಾಮಾನ್ಯವಾಗಿ ಅಷ್ಟೇನೂ ಹತ್ತಿರದವರಲ್ಲದ ಯಾರೋ ಒಬ್ಬರು.

ಇದೇ ವಿಚಾರವನ್ನು ಬಹುದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ ಅಧ್ಯಯನ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಉದ್ಯೋಗದ ಪರಿಚಯಗಳಿಗೆಂದೇ ಇರುವ ಜಾಲತಾಣ ಲಿಂಕ್ಡ್‌ಇನ್ ಬಳಸುವ ಎರಡು ಕೋಟಿಗೂ ಹೆಚ್ಚು ಜನರಿಗೆ ಐದು ವರ್ಷಗಳ ಕಾಲ ಹೊಸ ಪರಿಚಯಗಳನ್ನು ಸೂಚಿಸುವ ಕ್ರಮವನ್ನು ಬದಲಾಯಿಸಿ ನೋಡಿದ ಪ್ರಯೋಗಗಳು ಅವು. ತಮ್ಮ ಮೇಲೆ ಇಂಥದ್ದೊಂದು ಪ್ರಯೋಗ ನಡೆಯುತ್ತಿದೆ ಎಂದು ಬಳಸುವವರಿಗೆ ಸ್ಪಷ್ಟವಾಗಿ ತಿಳಿದಿರಲಿಲ್ಲ ಎಂಬ ಆಕ್ಷೇಪ ಬಂತು, ಅದು ನ್ಯಾಯವಾದ ಆಕ್ಷೇಪ ಎಂದೇ ನನ್ನ ಭಾವನೆ. ಫಲಿತಾಂಶ ಮಾತ್ರ ಗಮನಿಸಬೇಕಾದದ್ದು. ಕೆಲಸ ಬದಲಾಯಿಸಲು ಹೆಚ್ಚು ನೆರವಾದದ್ದು ತೀರಾ ಹತ್ತಿರದವರೂ ಅಲ್ಲ, ನಡುವೆ ಯಾರ ಕೊಂಡಿಯೂ ಇಲ್ಲದ ಅಪರಿಚಿತರೂ ಅಲ್ಲ. ಕೆಲವರಾದರೂ ಸಮಾನ ಪರಿಚಯಸ್ಥರಿರುವ, ಮಧ್ಯಮ ದೂರದ ಜನ.

ನನ್ನ ಪುಟಗಳಲ್ಲಿಯೂ ಇದೇ ಇದೆ. ನಮ್ಮ ಘಟಕಕ್ಕೆ ಅತಿ ಹೆಚ್ಚು ವರ್ಷ ಕೆಲಸ ಕೊಟ್ಟ ಗ್ರಾಹಕರು ಬಂದದ್ದು, ನಮ್ಮ ಲೆಕ್ಕ ನೋಡುವವರ ಹಳೆಯ ಸಹೋದ್ಯೋಗಿಯೊಬ್ಬರ ಮೂಲಕ. ಅವರನ್ನು ನಾನು ಅದಕ್ಕೆ ಮುನ್ನ ಕಂಡದ್ದು ಎರಡೇ ಸಲ. ಎರಡನೆಯ ಸಲ ಕಂಡಾಗ, ತೇವ ತಗಲಿದರೂ ಮೆತ್ತಗಾಗದ ರಟ್ಟಿನ ಬಗ್ಗೆ ಅವರು ಏನೋ ಕೇಳಿದ್ದರು. ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ ಎಂದಿದ್ದೆ. ಮೂರು ದಿನದ ಮೇಲೆ ವಿಚಾರಿಸಿ ಹೇಳಿದೆ. ಅದರಿಂದ ಅವರಿಗೆ ಉಪಯೋಗವಾಗಲಿಲ್ಲ. ಏಳು ತಿಂಗಳ ನಂತರ ಯಾರೋ ಅವರನ್ನು ಪೆಟ್ಟಿಗೆ ಮಾಡುವವರು ಯಾರಾದರೂ ಗೊತ್ತೇ ಎಂದು ಕೇಳಿದಾಗ ಅವರ ಬಾಯಿಗೆ ನನ್ನ ಹೆಸರು ಬಂತು. ಆ ಮೂರು ದಿನಗಳಲ್ಲಿ ನಾನು ಮರೆತಿದ್ದರೆ ಆ ಹೆಸರು ಬರುತ್ತಿರಲಿಲ್ಲ ಎಂದು ನನಗೆ ಖಚಿತವಾಗಿ ಅನಿಸುತ್ತದೆ.

ಹಾಗಾದರೆ ಪರಿಚಯ ಹೆಚ್ಚಿಸಿಕೊಳ್ಳುತ್ತಲೇ ಹೋಗಬೇಕೇ? ಇದಕ್ಕೆ ಮಿತಿಯಿದೆ. ಬ್ರಿಟನ್ನಿನ ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ 1990ರ ದಶಕದ ಆರಂಭದಲ್ಲಿ ವಾನರ ಜಾತಿಗಳ ಮಿದುಳಿನ ಗಾತ್ರಕ್ಕೂ ಅವುಗಳ ಗುಂಪಿನ ಗಾತ್ರಕ್ಕೂ ಇರುವ ಸಂಬಂಧ ನೋಡಿ, ಮನುಷ್ಯನೊಬ್ಬ ಸ್ಥಿರವಾಗಿ ಕಾಪಾಡಿಕೊಳ್ಳಬಲ್ಲ ಸಂಬಂಧಗಳು ಸುಮಾರು 150 ಎಂದು ಅಂದಾಜಿಸಿದರು. ಆ ಸಂಖ್ಯೆಯ ಬಗ್ಗೆ ವಿವಾದವಿದೆ. 2021ರಲ್ಲಿ ಸ್ವೀಡನ್ನಿನ ಸಂಶೋಧಕರು ಅದೇ ವಿಧಾನದಿಂದ ಲೆಕ್ಕ ಹಾಕಿ, ಹೀಗೆ ಒಂದು ಖಚಿತ ಸಂಖ್ಯೆ ಹೇಳಲು ಸಾಧ್ಯವೇ ಇಲ್ಲ ಎಂದರು. ನನಗೆ ಸಂಖ್ಯೆ ಮುಖ್ಯವಲ್ಲ. ದಿನಕ್ಕೆ ಇರುವುದು ಇಷ್ಟೇ ಗಂಟೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಒಂದು ತಿಂಗಳಲ್ಲಿ ನಾನು ಎಷ್ಟು ಜನರಿಗೆ ಕೊಟ್ಟ ಮಾತನ್ನು ಪೂರೈಸಬಲ್ಲೆ? ಪುಟಗಳನ್ನು ನೋಡಿದರೆ ಎಂಟರಿಂದ ಹತ್ತು. ಅದಕ್ಕಿಂತ ಹೆಚ್ಚಾದ ತಿಂಗಳುಗಳಲ್ಲೆಲ್ಲ ಪಟ್ಟಿಯ ಕೊನೆಯ ಹೆಸರುಗಳ ಮುಂದೆ ಗೆರೆ ಖಾಲಿ ಇದೆ. ಈಗ ಯಾವ ಸಭೆಗೆ ಹೋದರೂ ಮೂವರೊಡನೆ ಮಾತ್ರ ಸಾವಧಾನವಾಗಿ ಮಾತನಾಡುತ್ತೇನೆ.

ಇನ್ನೊಂದು ಅಡ್ಡಿಯ ಬಗ್ಗೆಯೂ ಹೇಳಬೇಕು. ನಮ್ಮ ಭಾಷೆಯಲ್ಲಿ ಎರಡು ಮಾತುಗಳಿವೆ: ಹಂಗು ಮತ್ತು ದಾಕ್ಷಿಣ್ಯ. ಸಹಾಯ ಕೇಳಿದರೆ ಹಂಗಿಗೆ ಬೀಳುತ್ತೇವೆ ಎಂಬ ಭಯದಲ್ಲಿ ಕೇಳುವುದೇ ಇಲ್ಲ. ಯಾರಾದರೂ ಕೇಳಿದರೆ, ಆಗದು ಎನ್ನಲು ದಾಕ್ಷಿಣ್ಯ ಬಿಡುವುದಿಲ್ಲ, ಆಗಲಿ ನೋಡೋಣ ಎಂದುಬಿಡುತ್ತೇವೆ. ನಾನು ಉಳಿಸಿಕೊಳ್ಳದ ಆ 14 ಮಾತುಗಳಲ್ಲಿ ಹತ್ತಾದರೂ ಇಂಥ ದಾಕ್ಷಿಣ್ಯದ ಮಾತುಗಳು. ಆ ಕ್ಷಣದಲ್ಲಿ ಎದುರಿನವರಿಗೆ ಮುಖ ಮುರಿಯಬಾರದು ಎಂದು ಹೇಳಿದ್ದೆ. ಅವರು ಅದನ್ನು ನಂಬಿ ಕಾದಿದ್ದರು. ಕಾದವರ ಜಾಗದಲ್ಲಿ ನಿಂತು ನೋಡಿದಾಗ, ನಯವಾದ ಸುಳ್ಳಿಗಿಂತ ‘ಇದು ನನ್ನಿಂದ ಆಗುವುದಿಲ್ಲ’ ಎಂಬ ನೇರ ಮಾತು ಎಷ್ಟು ದೊಡ್ಡ ಉಪಕಾರ ಎಂದು ತಿಳಿಯಿತು. ಆ ಮಾತನ್ನು ಸಿಡುಕದೆ, ಮೃದುವಾಗಿ ಹೇಳುವುದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು.

ಹಂಗಿನ ಭಯ ಮಾತ್ರ ಒಬ್ಬೊಬ್ಬರಾಗಿ ಹೋಗುವಂಥದ್ದಲ್ಲ. ಅದಕ್ಕೆ ಒಂದು ಬಳಗ ಬೇಕು. ಇಂದು ನಾನು ನಿಮ್ಮಿಂದ ಪಡೆದದ್ದನ್ನು ನಾಳೆ ಇನ್ನೊಬ್ಬರಿಗೆ ಕೊಡುವಂತಿದ್ದರೆ, ಪಡೆಯುವಾಗ ತಲೆ ತಗ್ಗಿಸಬೇಕಾಗುವುದಿಲ್ಲ.

ಇಲ್ಲಿ ಒಂದು ಹಳೆಯ ಬಳಗದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮುಂದೆ ಅಮೆರಿಕದ ಹೆಸರಾಂತ ಮುತ್ಸದ್ದಿಯಾದ ಬೆಂಜಮಿನ್ ಫ್ರಾಂಕ್ಲಿನ್ 1727ರಲ್ಲಿ, 21ರ ವಯಸ್ಸಿನಲ್ಲಿ, ಅಲ್ಲಿನ ಫಿಲಡೆಲ್ಫಿಯಾ ನಗರದಲ್ಲಿ ಕೆಲವು ಪರಿಚಿತರನ್ನು ಸೇರಿಸಿ ‘ಜಂಟೊ’ ಎಂಬ ಕೂಟ ಕಟ್ಟಿದರು. ಆಗ ಅವರು ಮುದ್ರಣಾಲಯದ ಕೆಲಸಗಾರ, ಹೆಸರಿಲ್ಲದ ಯುವಕ. ಸೇರಿದವರಲ್ಲಿ ಮುದ್ರಕರು, ಭೂಮಾಪಕರು, ಬಡಗಿ, ಚಮ್ಮಾರಿಕೆ ಮಾಡುತ್ತಿದ್ದವರು ಇದ್ದರು. ಪ್ರತಿ ಶುಕ್ರವಾರ ಸಂಜೆ ಸಭೆ. ಪ್ರತಿಯೊಬ್ಬರೂ ಸರದಿಯಂತೆ ಚರ್ಚೆಗೆ ಪ್ರಶ್ನೆ ತರಬೇಕು, ಮೂರು ತಿಂಗಳಿಗೊಮ್ಮೆ ತಾವೇ ಬರೆದ ಪ್ರಬಂಧ ಓದಬೇಕು. ಸಭೆಯಲ್ಲಿ ಕೇಳಲು 24 ಪ್ರಶ್ನೆಗಳ ಪಟ್ಟಿಯಿತ್ತು. ಊರಿಗೆ ಹೊಸದಾಗಿ ಬಂದ ಯೋಗ್ಯರು ಯಾರಾದರೂ ಇದ್ದಾರೆಯೇ, ಅವರಿಗೆ ನಾವು ಹೇಗೆ ನೆರವಾಗಬಹುದು? ಇತ್ತೀಚೆಗೆ ಯಾರ ವ್ಯಾಪಾರ ಮುರಿದುಬಿತ್ತು, ಕಾರಣವೇನು? ನಿಮ್ಮ ಒಳ್ಳೆಯ ಯೋಜನೆಗೆ ಈ ಕೂಟ ಯಾವ ರೀತಿ ಸಹಾಯ ಮಾಡಬಲ್ಲದು? ಇಂಥವು. ಚರ್ಚೆಯಲ್ಲಿ ‘ಇದೇ ಸತ್ಯ’ ಎಂದು ಹಟ ಹಿಡಿದರೆ, ಇನ್ನೊಬ್ಬರ ಮಾತನ್ನು ನೇರವಾಗಿ ಕಡಿದುಹಾಕಿದರೆ ಸಣ್ಣ ದಂಡ ಕಟ್ಟಬೇಕಿತ್ತು.

ಆ ಕೂಟದಿಂದ ಏನೇನು ಹುಟ್ಟಿತು ನೋಡಿ. ಚರ್ಚೆಗೆ ಪುಸ್ತಕ ಬೇಕಾಗುತ್ತಿತ್ತು, ಒಬ್ಬೊಬ್ಬರ ಹತ್ತಿರ ಕೆಲವೇ ಇದ್ದವು. ಎಲ್ಲರೂ ತಮ್ಮ ಪುಸ್ತಕಗಳನ್ನು ಒಂದೇ ಕಡೆ ಇಟ್ಟರು. ಅದು ಸರಿಯಾಗಿ ನಡೆಯದಿದ್ದರೂ ಅದೇ ಯೋಚನೆ 1731ರಲ್ಲಿ ಚಂದಾದಾರರ ಗ್ರಂಥಾಲಯವಾಯಿತು. ಆ ಗ್ರಂಥಾಲಯ ಇಂದಿಗೂ ಇದೆ. ಬೆಂಕಿ ಅನಾಹುತಗಳ ಬಗ್ಗೆ ಕೂಟದಲ್ಲಿ ಓದಿದ ಪ್ರಬಂಧದಿಂದ ಹೊರಟ ಯೋಚನೆ 1736ರಲ್ಲಿ ಸ್ವಯಂಸೇವಕರ ಅಗ್ನಿಶಾಮಕ ದಳವಾಯಿತು. ಕೂಟದ ಸದಸ್ಯರ ಸಂಖ್ಯೆಯನ್ನು 12ಕ್ಕೆ ಮಿತಿಗೊಳಿಸಿದ್ದರು. ತಮ್ಮ ಸ್ನೇಹಿತರನ್ನೂ ಸೇರಿಸಬೇಕೆಂದು ಕೆಲವರು ಒತ್ತಾಯಿಸಿದಾಗ ಫ್ರಾಂಕ್ಲಿನ್ ಒಪ್ಪಲಿಲ್ಲ. ಒಬ್ಬೊಬ್ಬರೂ ಇದೇ ನಿಯಮಗಳ ಇನ್ನೊಂದು ಕೂಟ ಕಟ್ಟಿ ಎಂದರು. ಐದಾರು ಕೂಟಗಳು ಹಾಗೆ ಹುಟ್ಟಿದವು. ಗುಂಪು ದೊಡ್ಡದಾಗಲಿ ಎಂದು ಹಂಬಲಿಸುವ ನಮಗೆ ಇದು ಯೋಚಿಸಬೇಕಾದ ವಿಷಯ. ಹನ್ನೆರಡು ಜನರಲ್ಲಿ ಒಬ್ಬರು ಬರದಿದ್ದರೆ ಗೊತ್ತಾಗುತ್ತದೆ. ಇನ್ನೂರು ಜನರಲ್ಲಿ ಗೊತ್ತಾಗುವುದಿಲ್ಲ.

ನಾವು ಆರು ಜನ ಸೇರಿ ಏಳು ವರ್ಷದ ಹಿಂದೆ ಇಂಥದ್ದೇ ಒಂದು ಸಣ್ಣ ಬಳಗ ಕಟ್ಟಿಕೊಂಡೆವು. ತಿಂಗಳ ಮೊದಲ ಗುರುವಾರ ಎರಡು ಗಂಟೆ. ಎಲ್ಲರೂ ಸಣ್ಣ ಉದ್ಯಮಿಗಳು, ಬೇರೆ ಬೇರೆ ಕ್ಷೇತ್ರದವರು. ಒಬ್ಬೊಬ್ಬರೂ ಒಂದು ಗಂಟು ತರಬೇಕು, ಅಂದರೆ ತಮಗೆ ಬಿಡಿಸಲಾಗದ ಒಂದು ಸಮಸ್ಯೆ. ಮೊದಲ ವರ್ಷ ಸೊಗಸಾಗಿ ನಡೆಯಿತು. ಎರಡನೆಯ ವರ್ಷ ನಮ್ಮಲ್ಲಿ ಒಬ್ಬರು, ಒಳ್ಳೆಯ ಉದ್ದೇಶದಿಂದಲೇ, ಒಂದು ಸಲಹೆ ಕೊಟ್ಟರು. ಪ್ರತಿ ತಿಂಗಳು ಯಾರು ಯಾರಿಗೆ ಎಷ್ಟು ಗ್ರಾಹಕರನ್ನು ಕಳಿಸಿಕೊಟ್ಟರು ಎಂದು ಎಣಿಸೋಣ. ಒಪ್ಪಿದೆವು. ನಾನೇ ಫಲಕ ತಂದು ಗೋಡೆಗೆ ಹಾಕಿದೆ.

ನಾಲ್ಕು ತಿಂಗಳಲ್ಲಿ ಫಲಕದ ಸಂಖ್ಯೆಗಳು ಏರಿದವು. ಬಳಗ ಒಳಗಿನಿಂದ ಒಣಗಿತು. ಹೇಗಾದರೂ ಮಾಡಿ ಸಂಖ್ಯೆ ತುಂಬಿಸಲು ಸಂಬಂಧವಿಲ್ಲದ ಹೆಸರುಗಳನ್ನೆಲ್ಲ ಕಳಿಸತೊಡಗಿದೆವು. ಗಂಟು ತರುವುದು ನಿಂತಿತು. ಎಲ್ಲರೂ ಗೆಲುವಿನ ಸುದ್ದಿಯನ್ನೇ ತರುತ್ತಿದ್ದರು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆಯುತ್ತ ಒಂದು ವಿಚಾರ ಹೇಳಿದ್ದರು. ಅದನ್ನು ಈಗ ಎಲ್ಲ ಕ್ಷೇತ್ರಗಳಿಗೂ ಅನ್ವಯಿಸುತ್ತಾರೆ: ಅಳತೆಗೋಲನ್ನೇ ಗುರಿಯಾಗಿ ಮಾಡಿದರೆ ಅದು ಅಳತೆಗೋಲಾಗಿ ಉಳಿಯುವುದಿಲ್ಲ. ನಮ್ಮ ಗೋಡೆಯ ಫಲಕದಲ್ಲಿ ಆದದ್ದು ಅದೇ.

ಅದೇ ತಿಂಗಳುಗಳಲ್ಲಿ ನಮ್ಮಲ್ಲೊಬ್ಬರ ಅತಿ ದೊಡ್ಡ ಗ್ರಾಹಕರು ಹಣ ಕೊಡುವುದನ್ನು ನಿಲ್ಲಿಸಿದ್ದರು. ಅವರು ಕೆಲಸಗಾರರ ಸಂಬಳಕ್ಕೆ ಮನೆಯ ಒಡವೆ ಅಡವಿಟ್ಟಿದ್ದರು. ನಾಲ್ಕು ಸಭೆಗಳಲ್ಲಿ ನಮ್ಮ ಎದುರಿಗೆ ಕುಳಿತು, ಎಲ್ಲವೂ ಚೆನ್ನಾಗಿದೆ ಎಂದು ಹೇಳಿ ಎದ್ದು ಹೋಗಿದ್ದರು. ಐದನೆಯ ಸಭೆಗೆ ಬರಲಿಲ್ಲ. ನಾನು ಅವರ ಘಟಕಕ್ಕೆ ಹೋದೆ. ಯಂತ್ರಗಳು ನಿಂತಿದ್ದವು. ಅವರು ಒಂದು ಮೂಲೆಯಲ್ಲಿ ಬಿಲ್ಲುಗಳ ರಾಶಿಯ ಮುಂದೆ ಕುಳಿತಿದ್ದರು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಹೇಳಿದ್ದನ್ನು ಆ ತಿಂಗಳ ಪುಟದಲ್ಲಿ ಹಾಗೆಯೇ ಬರೆದಿಟ್ಟಿದ್ದೇನೆ: “ಫಲಕದಲ್ಲಿ ನನ್ನ ಹೆಸರಿನ ಮುಂದೆ ಸೊನ್ನೆ ಇತ್ತು. ಸೊನ್ನೆ ಇರುವವನು ಇನ್ನೂ ಕೇಳುವುದು ಹೇಗೆ?”

ಆ ಫಲಕ ನಾನು ಹಾಕಿದ್ದು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಮರುದಿನ ಐವರೂ ಸೇರಿದೆವು. ಒಬ್ಬರು ಬಾಕಿ ವಸೂಲಿಯ ನೋಟಿಸು ಬರೆಯಲು ನೆರವಾದರು. ಇನ್ನೊಬ್ಬರು ತಮ್ಮ ಕೆಲಸದ ಒಂದು ಭಾಗವನ್ನು ಅವರಿಗೆ ವಹಿಸಿ ಮುಂಗಡ ಕೊಟ್ಟರು. ಫಲಕ ಗೋಡೆಯಿಂದ ಇಳಿಯಿತು. ಅಂದಿನಿಂದ ನಮ್ಮ ಸಭೆ ಶುರುವಾಗುವುದು, ಈ ತಿಂಗಳು ಯಾವುದು ಸರಿಹೋಗಲಿಲ್ಲ ಎಂಬ ಪ್ರಶ್ನೆಯಿಂದ. ಮೊದಲು ಮಾತನಾಡಬೇಕಾದವರು ಆ ತಿಂಗಳು ಅತ್ಯಂತ ಚೆನ್ನಾಗಿ ವ್ಯಾಪಾರ ಮಾಡಿದವರು. ಗೆದ್ದವರು ತಮ್ಮ ತೊಡಕನ್ನು ಹೇಳಿಕೊಂಡರೆ ಸೋತವರಿಗೆ ಬಾಯಿ ಬಿಡಲು ಧೈರ್ಯ ಬರುತ್ತದೆ. ಈ ಕ್ರಮವನ್ನು ಸೂಚಿಸಿದವರು, ಆ ನಾಲ್ಕು ತಿಂಗಳು ಸುಮ್ಮನಿದ್ದ ಅವರೇ.

ಸಾಮೂಹಿಕ ಸಂಪನ್ಮೂಲಗಳನ್ನು ಜನ ತಾವೇ ಹೇಗೆ ಕಾಪಾಡಿಕೊಳ್ಳುತ್ತಾರೆ ಎಂದು ಜೀವನವಿಡೀ ಅಧ್ಯಯನ ಮಾಡಿ, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನೋರ್ ಆಸ್ಟ್ರಮ್, ಬಹುಕಾಲ ಬಾಳಿದ ಗುಂಪುಗಳಲ್ಲಿ ಕಂಡ ಲಕ್ಷಣಗಳನ್ನು ಗುರುತಿಸಿದ್ದಾರೆ. ಒಳಗಿರುವವರು ಯಾರು ಎಂಬುದು ಸ್ಪಷ್ಟ. ನಿಯಮ ಮಾಡುವುದರಲ್ಲಿ ಅದನ್ನು ಪಾಲಿಸಬೇಕಾದವರ ಪಾಲು ಇರುತ್ತದೆ. ತಪ್ಪಿದವರಿಗೆ ಮೊದಲು ಸಣ್ಣ ಎಚ್ಚರಿಕೆ, ಆಮೇಲೆ ಹಂತ ಹಂತವಾಗಿ ಬಿಗಿ. ಅವರು ನೋಡಿದ್ದು ನೀರಾವರಿ ಕಾಲುವೆ, ಮೀನುಗಾರಿಕೆ, ಕಾಡುಗಳನ್ನು. ಉದ್ಯಮಿಗಳ ಬಳಗದಲ್ಲಿ ಹಂಚಿಕೊಳ್ಳುವ ಸಂಪತ್ತು ನಂಬಿಕೆ. ಅದೂ ಅಷ್ಟೇ ಸುಲಭವಾಗಿ ಬತ್ತುತ್ತದೆ ಎಂದು ನಮ್ಮ ಅನುಭವ ಹೇಳಿತು.

ಈಗ ಗುರಿಯ ವಿಷಯ. ಇಲ್ಲಿ ಮೊದಲು ಒಂದು ತಪ್ಪನ್ನು ತಿದ್ದಿಕೊಳ್ಳಬೇಕು. 1953ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪದವೀಧರರಲ್ಲಿ ಶೇ. 3 ಜನ ಮಾತ್ರ ಗುರಿಗಳನ್ನು ಬರೆದಿಟ್ಟಿದ್ದರು, 20 ವರ್ಷಗಳ ನಂತರ ಆ ಶೇ. 3 ಜನರ ಸಂಪತ್ತು ಉಳಿದವರೆಲ್ಲರ ಸಂಪತ್ತಿಗಿಂತ ಹೆಚ್ಚಿತ್ತು ಎಂಬ ಕಥೆಯನ್ನು ನೀವು ಕೇಳಿರಬಹುದು. ನಾನೂ ಇಂಥ ವೇದಿಕೆಗಳಲ್ಲಿ ಎರಡು ಸಲ ಹೇಳಿದ್ದೇನೆ. ಅಂಥ ಅಧ್ಯಯನ ನಡೆದೇ ಇರಲಿಲ್ಲ. ಹುಡುಕಿದವರಿಗೆ ಅದರ ಸುಳಿವೇ ಸಿಗಲಿಲ್ಲ. ಆಗ ನನ್ನ ಮಾತು ಕೇಳಿದವರು ಯಾರಾದರೂ ಇಲ್ಲಿದ್ದರೆ, ದಯವಿಟ್ಟು ಅದನ್ನು ಮನಸ್ಸಿನಿಂದ ತೆಗೆದುಹಾಕಿ.

ನಿಜವಾಗಿ ನಡೆದ ಅಧ್ಯಯನಗಳು ಇದಕ್ಕಿಂತ ಉಪಯುಕ್ತವಾಗಿವೆ. ಮನಶ್ಶಾಸ್ತ್ರಜ್ಞ ಎಡ್ವಿನ್ ಲಾಕ್ 1968ರಲ್ಲಿ, ‘ಕೈಲಾದಷ್ಟು ಮಾಡು’ ಎನ್ನುವುದಕ್ಕಿಂತ ಸ್ಪಷ್ಟವಾದ, ಕಷ್ಟವಾದ ಗುರಿ ಕೊಟ್ಟಾಗ ಜನ ಹೆಚ್ಚು ಸಾಧಿಸುತ್ತಾರೆ ಎಂದು ವಾದಿಸಿದರು. ಗ್ಯಾರಿ ಲೇಥಮ್ ಅದನ್ನು ಕೆಲಸದ ಜಾಗಗಳಲ್ಲಿ ಪರೀಕ್ಷಿಸಿದರು. 1975ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮರದ ದಿಮ್ಮಿ ಸಾಗಿಸುವ ಲಾರಿಗಳದ್ದು. ಕಾನೂನು ಒಪ್ಪುವ ತೂಕದ ಶೇ. 60ರ ಆಸುಪಾಸಿನಷ್ಟು ಮಾತ್ರ ತುಂಬಿಕೊಂಡು ಲಾರಿಗಳು ಹೋಗುತ್ತಿದ್ದವು. ಚಾಲಕರಿಗೆ ಶೇ. 94ರ ಗುರಿ ಕೊಟ್ಟರು. ಹೆಚ್ಚಿನ ಹಣವೇನೂ ಇಲ್ಲ. ಕೆಲವು ತಿಂಗಳಲ್ಲಿ ಸರಾಸರಿ ಶೇ. 90 ದಾಟಿತು. ಚಾಲಕರು ತೂಕ ಅಂದಾಜಿಸಲು ತಮ್ಮ ಲಾರಿಗಳಲ್ಲಿ ಸಣ್ಣಪುಟ್ಟ ಮಾರ್ಪಾಡುಗಳನ್ನೂ ಮಾಡಿಕೊಂಡರಂತೆ.

ಈ ಅಧ್ಯಯನವನ್ನು ನಾನು ಬಹಳ ದಿನ ತಪ್ಪಾಗಿ ಓದಿಕೊಂಡಿದ್ದೆ. ಕಷ್ಟದ ಸಂಖ್ಯೆ ಬರೆದರೆ ಸಾಕು ಎಂದುಕೊಂಡು ‘ಈ ತಿಂಗಳು ನಾಲ್ಕು ಹೊಸ ಗ್ರಾಹಕರು’ ಎಂದು ಬರೆಯುತ್ತಿದ್ದೆ. ಬಾರದಿದ್ದಾಗ ಕುಗ್ಗುತ್ತಿದ್ದೆ, ಬಂದಾಗ ಯಾಕೆ ಬಂದರೆಂದು ತಿಳಿಯುತ್ತಿರಲಿಲ್ಲ. ಲಾರಿಗೆ ಎಷ್ಟು ತುಂಬಬೇಕು ಎಂಬುದು ಚಾಲಕನ ಕೈಯಲ್ಲಿತ್ತು. ಗ್ರಾಹಕ ಬರುವುದು ನನ್ನ ಕೈಯಲ್ಲಿಲ್ಲ. ನನ್ನ ಕೈಯಲ್ಲಿರುವುದು, ಮಾದರಿ ಕಳಿಸಿದ ಎರಡು ದಿನದೊಳಗೆ ಕರೆ ಮಾಡುವುದು, ಕೊಟ್ಟ ಮಾತನ್ನು ಪೂರೈಸುವುದು, ಹಳೆಯ ಗ್ರಾಹಕರಲ್ಲಿ ಒಬ್ಬರ ಗೋದಾಮಿಗೆ ಹೋಗಿ ಪೆಟ್ಟಿಗೆಗಳು ಎಲ್ಲಿ ಹರಿಯುತ್ತವೆ ಎಂದು ಕಣ್ಣಾರೆ ನೋಡುವುದು. ಈಗ ನನ್ನ ಗುರಿಗಳೆಲ್ಲ ಇಂಥವು.

ಹೊಸದಾಗಿ ಕಲಿಯಬೇಕಾದ ಜಟಿಲ ಕೆಲಸದಲ್ಲಿ ಸಂಖ್ಯೆಯ ಗುರಿ ಕೆಡುಕನ್ನೂ ಮಾಡಬಹುದು ಎಂದು ಲೇಥಮ್ ಮತ್ತು ಅವರ ಜೊತೆಗಾರರು ಮುಂದೆ ತೋರಿಸಿದರು. ಅಲ್ಲಿ, ಈ ಕೆಲಸಕ್ಕೆ ಆರು ಬೇರೆ ದಾರಿಗಳನ್ನು ಹುಡುಕು ಎಂಬಂಥ ಕಲಿಕೆಯ ಗುರಿ ಹೆಚ್ಚು ಫಲ ಕೊಡುತ್ತದೆ. ಮೊದಲ ವರ್ಷದ ಉದ್ಯಮಿಗಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ. ನಿಮಗೆ ಇನ್ನೂ ದಾರಿಯೇ ಗೊತ್ತಿಲ್ಲದಿರುವಾಗ ತಲುಪುವ ದಿನಾಂಕ ಬರೆದು ನಿಮ್ಮನ್ನು ನೀವೇ ಹಿಂಸಿಸಿಕೊಳ್ಳಬೇಡಿ.

ಇನ್ನೊಂದು ಉಪಾಯ ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಅವರದು. ಏನು ಮಾಡುತ್ತೇನೆ ಎಂಬುದರ ಜೊತೆಗೆ, ಯಾವಾಗ, ಎಲ್ಲಿ ಎಂಬುದನ್ನೂ ಮೊದಲೇ ನಿಶ್ಚಯಿಸಿಕೊಳ್ಳುವುದು. 1997ರ ಅವರ ಒಂದು ಅಧ್ಯಯನದಲ್ಲಿ ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳಿಸಲು ವಿದ್ಯಾರ್ಥಿಗಳಿಗೆ ಹೇಳಿದ್ದರು. ಸಮಯ, ಜಾಗ ಗೊತ್ತುಮಾಡಿಕೊಂಡವರಲ್ಲಿ ಹೆಚ್ಚು ಕಡಿಮೆ ಮುಕ್ಕಾಲು ಪಾಲು ಜನ ಗಡುವಿನೊಳಗೆ ಬರೆದರು. ಉಳಿದವರಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ. ನನ್ನ ಪುಟದಲ್ಲಿ ಈಗ ‘ಅವರಿಗೆ ಕರೆ ಮಾಡಬೇಕು’ ಎಂದು ಬರೆಯುವುದಿಲ್ಲ. ‘ಮಂಗಳವಾರ ಬೆಳಿಗ್ಗೆ ಯಂತ್ರ ಶುರು ಮಾಡಿದ ಕೂಡಲೇ, ಗೋದಾಮಿನ ಹೊರಗೆ ನಿಂತು ಕರೆ’ ಎಂದು ಬರೆಯುತ್ತೇನೆ. ಓದಲು ಬಾಲಿಶವಾಗಿ ಕಾಣುತ್ತದೆ. ಕರೆ ಮಾತ್ರ ಹೋಗುತ್ತದೆ.

ಮೊನ್ನೆ ಬರೆದ ಪುಟದ ಬಗ್ಗೆ ಎರಡು ಮಾತು ಹೇಳಿ ಮುಗಿಸುತ್ತೇನೆ. ಕೊಟ್ಟ ಮಾತು ಒಂಬತ್ತು, ಪೂರೈಸಿದ್ದು ಏಳು. ಒಂದನ್ನು ನನ್ನಿಂದ ಆಗುವುದಿಲ್ಲ ಎಂದು ತಿಳಿಸಿದೆ. ಒಂದು ಉಳಿದಿದೆ: ಹೊಸದಾಗಿ ಘಟಕ ಶುರು ಮಾಡಿರುವ ಒಬ್ಬ ಹುಡುಗನಿಗೆ ನಮ್ಮ ಹಳೆಯ ಕತ್ತರಿಸುವ ಯಂತ್ರ ತೋರಿಸುತ್ತೇನೆ ಎಂದಿದ್ದೆ. ಎರಡು ಸಲ ಮುಂದೂಡಿದ್ದೇನೆ. ಅದನ್ನು ಬರೆಯುವಾಗ ಪೆನ್ನು ಸ್ವಲ್ಪ ತಡೆಯಿತು.

(ಮಾತಿನ ನಂತರ ಒಬ್ಬ ಯುವತಿ ಎದ್ದು ನಿಂತು ಕೇಳಿದರು: “ಸರ್, ನನಗೆ ಹೊಸಬರೊಡನೆ ಮಾತನಾಡಲು ತುಂಬಾ ಸಂಕೋಚ. ಇಲ್ಲಿಗೆ ಬಂದಾಗಿನಿಂದ ಹಿಂದಿನ ಸಾಲಿನಲ್ಲೇ ಕುಳಿತಿದ್ದೇನೆ. ನನ್ನಂಥವರು ಏನು ಮಾಡಬೇಕು?”)

ಈ ಪ್ರಶ್ನೆ ಕೇಳಲು ಇಷ್ಟು ಜನರ ನಡುವೆ ಎದ್ದು ನಿಂತಿದ್ದೀರಿ ಅಮ್ಮಾ, ಅದಕ್ಕೆ ಧೈರ್ಯ ಬೇಕು. ಸಂಕೋಚವನ್ನು ಕಳೆದುಕೊಳ್ಳಲೇಬೇಕು ಎಂದು ನಾನು ಹೇಳುವುದಿಲ್ಲ. ನನ್ನ ಪುಟಗಳಲ್ಲಿ ದೀರ್ಘಕಾಲ ಉಳಿದ ಹೆಸರುಗಳಲ್ಲಿ ಹೆಚ್ಚಿನವರು ಕಡಿಮೆ ಮಾತಿನವರು. ಅವರು ಕೇಳಿಸಿಕೊಂಡದ್ದನ್ನು ಮರೆಯುವುದಿಲ್ಲ. ಮುಂದಿನ ಸಭೆಗೆ ಒಂದು ಗಂಟೆ ಮುಂಚೆ ಬಂದು, ಕುರ್ಚಿ ಜೋಡಿಸುವವರ ಅಥವಾ ಹೆಸರು ಬರೆದುಕೊಳ್ಳುವವರ ಜೊತೆ ಸೇರಿಕೊಳ್ಳಿ. ಕೈಯಲ್ಲಿ ಕೆಲಸವಿದ್ದಾಗ ಮಾತು ತಾನಾಗಿ ಹೊರಡುತ್ತದೆ. ಎದುರಿನವರೇ ನಿಮ್ಮ ಹತ್ತಿರ ಬರುತ್ತಾರೆ. ಒಬ್ಬರೊಡನೆ ಮಾತನಾಡಿದರೂ ಸಾಕು. ಅವರು ಹುಡುಕುತ್ತಿರುವುದೇನು ಎಂದು ಕೇಳಿ, ಮನೆಗೆ ಹೋಗಿ ಬರೆದಿಟ್ಟುಕೊಳ್ಳಿ. ಗೊತ್ತಿದ್ದುದನ್ನು ವಾರದೊಳಗೆ ತಿಳಿಸಿ.

ನೀವು ಯಾವ ಉದ್ಯಮ ಮಾಡುತ್ತಿದ್ದೀರಿ?

(ಬಟ್ಟೆಯ ಚೀಲಗಳನ್ನು ಹೊಲಿಸಿ ಮಾರುವುದಾಗಿ, ದಪ್ಪ ಬಟ್ಟೆಯನ್ನು ಒಂದೇ ಅಳತೆಗೆ ಕತ್ತರಿಸಲು ಕಷ್ಟವಾಗುತ್ತಿದೆ ಎಂದು ಅವರು ಹೇಳಿದರು.)

ಹಾಗಾದರೆ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಘಟಕಕ್ಕೆ ಬನ್ನಿ. ಆ ಹುಡುಗನನ್ನೂ ಅದೇ ಹೊತ್ತಿಗೆ ಬರಹೇಳುತ್ತೇನೆ. ಕತ್ತರಿಸುವ ಯಂತ್ರವನ್ನು ಇಬ್ಬರೂ ಒಟ್ಟಿಗೆ ನೋಡಬಹುದು. ನಿಮ್ಮ ಬಟ್ಟೆಗೆ ಅದು ಹೊಂದುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಒಂದು ತುಂಡು ತನ್ನಿ, ಹಾಕಿ ನೋಡೋಣ.